ಮೂವತ್ತೊಂಬತ್ತು ಅಂಕಿಗಳ ಒಂದು ಅವಿಭಾಜ್ಯದ ಚರಿತ್ರೆ

ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗಿ, 127ನೇ ಘಾತದವರೆಗೆ ಮುಟ್ಟಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ಸಿಗುವ ಸಂಖ್ಯೆ 170141183460469231731687303715884105727. ಒಂದು ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ಇದನ್ನು ಶೇಷವಿಲ್ಲದೆ ಭಾಗಿಸದು. ಅಂದರೆ ಇದು ಅವಿಭಾಜ್ಯ ಸಂಖ್ಯೆ. ಫ್ರಾನ್ಸಿನ ಎದುವಾರ್ ಲೂಕಾ 1876ರಲ್ಲಿ ಈ ಮಾತನ್ನು ಪ್ರಕಟಿಸಿದರು. ಅಲ್ಲಿಂದ 1951ರವರೆಗೆ, ಮುಕ್ಕಾಲು ಶತಮಾನ ಕಾಲ, ಮನುಷ್ಯರಿಗೆ ಗೊತ್ತಿದ್ದ ಅತಿದೊಡ್ಡ ಅವಿಭಾಜ್ಯ ಇದೇ ಆಗಿತ್ತು. ಯಂತ್ರದ ನೆರವಿಲ್ಲದೆ ಕೈಲೆಕ್ಕದಿಂದ ಸಿದ್ಧವಾದವುಗಳಲ್ಲಿ ಈಗಲೂ ಇದಕ್ಕಿಂತ ದೊಡ್ಡದಿಲ್ಲ. ದೊಡ್ಡ ಅವಿಭಾಜ್ಯಗಳ ಕಥೆಯನ್ನು ಸಾಮಾನ್ಯವಾಗಿ ಓಟದ ಪಂದ್ಯದ ದಾಖಲೆಯಂತೆ ಹೇಳುತ್ತಾರೆ: ಇಂಥ ವರ್ಷ ಇಷ್ಟು ಅಂಕಿ, ಮುಂದಿನ ಸಲ ಅದಕ್ಕಿಂತ ಹೆಚ್ಚು ಅಂಕಿ. ಹಾಗೆ ಹೇಳಿದರೆ ಮುಖ್ಯವಾದದ್ದೇ ಕೈಬಿಟ್ಟುಹೋಗುತ್ತದೆ. 39 ಅಂಕಿಗಳ ಸಂಖ್ಯೆಗಳು ಎಣಿಸಲಾರದಷ್ಟಿವೆ, ಅವುಗಳಲ್ಲಿ ಅವಿಭಾಜ್ಯಗಳೂ ಹೇರಳ. ಅಷ್ಟರಲ್ಲಿ ಇದೊಂದೇ 19ನೇ ಶತಮಾನದ ಒಬ್ಬ ಮೇಷ್ಟರ ಕೈಗೆ ಸಿಕ್ಕಿತು, ಉಳಿದವು ಸಿಗಲಿಲ್ಲ. ಇದಕ್ಕೆ ಕಾರಣ ಸಂಖ್ಯೆಯ ಗಾತ್ರದಲ್ಲಿಲ್ಲ, ಆಕಾರದಲ್ಲಿದೆ. ಒಂದು ಸಂಖ್ಯೆ ಅವಿಭಾಜ್ಯವೆಂದು ತಿಳಿಯುವ ದಾರಿ ಆ ಸಂಖ್ಯೆಯ ಕಟ್ಟಡದಲ್ಲೇ ಅಡಗಿರುತ್ತದೆ ಎಂಬುದನ್ನು ಕಂಡುಕೊಂಡ ಚರಿತ್ರೆಯೇ ದೊಡ್ಡ ಅವಿಭಾಜ್ಯಗಳ ನಿಜವಾದ ಚರಿತ್ರೆ ಎಂಬುದು ಈ ಬರಹದ ವಾದ.

ಈ ಆಕಾರದ ಮೇಲೆ ಗಣಿತಜ್ಞರ ಕಣ್ಣು ಬಿದ್ದದ್ದು ಅವಿಭಾಜ್ಯಗಳ ಆಸೆಯಿಂದಲ್ಲ, ಪರಿಪೂರ್ಣ ಸಂಖ್ಯೆಗಳ ಆಸೆಯಿಂದ. ತನಗಿಂತ ಚಿಕ್ಕ ಭಾಜಕಗಳನ್ನೆಲ್ಲ ಕೂಡಿದಾಗ ತಾನೇ ಬರುವ ಸಂಖ್ಯೆಯನ್ನು ಗ್ರೀಕರು ಪರಿಪೂರ್ಣವೆಂದು ಕರೆದರು: 1, 2, 3 ಕೂಡಿದರೆ 6, 1, 2, 4, 7, 14 ಕೂಡಿದರೆ 28. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ 9ನೇ ಪುಸ್ತಕದಲ್ಲಿ ಇವುಗಳ ಸೂತ್ರವನ್ನು ಕೊಟ್ಟ. ಎರಡರ ಒಂದು ಘಾತದಿಂದ ಒಂದು ಕಳೆದಾಗ ಅವಿಭಾಜ್ಯ ಬಂದರೆ, ಅದನ್ನು ಎರಡರ ಹಿಂದಿನ ಘಾತದಿಂದ ಗುಣಿಸಿ. ಪರಿಪೂರ್ಣ ಸಂಖ್ಯೆ ಸಿಗುತ್ತದೆ. 3ನ್ನು 2ರಿಂದ ಗುಣಿಸಿದರೆ 6, 7ನ್ನು 4ರಿಂದ ಗುಣಿಸಿದರೆ 28, 31ನ್ನು 16ರಿಂದ ಗುಣಿಸಿದರೆ 496. ಸಮ ಪರಿಪೂರ್ಣ ಸಂಖ್ಯೆಗಳೆಲ್ಲವೂ ಹೀಗೇ ಹುಟ್ಟಬೇಕು ಎಂಬುದನ್ನು ಎಷ್ಟೋ ಶತಮಾನಗಳ ಮೇಲೆ ಆಯ್ಲರ್ ಸಾಧಿಸಿದರು. ಹಾಗಾಗಿ ಪರಿಪೂರ್ಣ ಸಂಖ್ಯೆ ಬೇಕಾದವರಿಗೆ ಈ ಜಾತಿಯ ಅವಿಭಾಜ್ಯ ಬೇಕೇ ಬೇಕಾಯಿತು. ಇಟಲಿಯ ಕತಾಲ್ದಿ 1588ರಲ್ಲಿ 2¹⁹ − 1, ಎಂದರೆ 524287, ಅವಿಭಾಜ್ಯವೆಂದು ತೋರಿಸಿದರು. ಅವರದು ನೇರವಾದ ದಾರಿ: ಸಂಖ್ಯೆಯ ವರ್ಗಮೂಲ 724ರ ಚಿಲ್ಲರೆ, ಅದರೊಳಗಿನ 128 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು, ಯಾವುದರಿಂದಲೂ ಭಾಗವಾಗದಿದ್ದರೆ ಮುಗಿಯಿತು. ಈ ದಾರಿಯಲ್ಲಿ ಸಂಖ್ಯೆಯ ಆಕಾರಕ್ಕೆ ಏನೂ ಕೆಲಸವಿಲ್ಲ. ಆರಂಕಿಯ ಯಾವ ಸಂಖ್ಯೆಯನ್ನೇ ತಂದರೂ ದುಡಿಮೆ ಇಷ್ಟೇ.

1644ರಲ್ಲಿ ಪ್ಯಾರಿಸಿನ ಕ್ರೈಸ್ತ ಸಂನ್ಯಾಸಿ ಮರಾಂ ಮರ್ಸೆನ್ ತಮ್ಮ ಒಂದು ಗ್ರಂಥದ ಮುನ್ನುಡಿಯಲ್ಲಿ ಒಂದು ಪಟ್ಟಿ ಕೊಟ್ಟರು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಇವುಗಳಿಗೆ ಮಾತ್ರ ಅವಿಭಾಜ್ಯ ಸಿಗುತ್ತದೆ ಎಂಬುದು ಅವರ ಮಾತು. ಈ ಆಕಾರದ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂಬ ಹೆಸರು ಬಿದ್ದದ್ದು ಈ ಪಟ್ಟಿಯಿಂದಲೇ. ಘಾತ ತಾನೇ ಸಂಯುಕ್ತವಾಗಿದ್ದರೆ, ಎಂದರೆ ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಮರ್ಸೆನ್ ಸಂಖ್ಯೆಯೂ ಸಂಯುಕ್ತವಾಗುತ್ತದೆ, ಹಾಗಾಗಿ ಅವಿಭಾಜ್ಯ ಘಾತಗಳನ್ನು ನೋಡಿದರೆ ಸಾಕು. ಆದರೆ ಘಾತ ಅವಿಭಾಜ್ಯವಾದ ಮಾತ್ರಕ್ಕೆ ಕೆಲಸ ಆಗದು: 2¹¹ − 1 ಎಂದರೆ 2047, ಅದು 23 ಮತ್ತು 89ರ ಗುಣಲಬ್ಧ. ಮರ್ಸೆನ್‌ರ ಪಟ್ಟಿಯಲ್ಲಿ ಐದು ತಪ್ಪುಗಳಿದ್ದವೆಂದು ಈಗ ತಿಳಿದಿದೆ. 67 ಮತ್ತು 257 ಅಲ್ಲಿ ಇರಬಾರದಿತ್ತು. 61, 89, 107 ಇರಬೇಕಿತ್ತು. 127 ಮಾತ್ರ ಸರಿಯಾಗಿಯೇ ಇತ್ತು. ಹಾಗಾದರೆ ಆ 39 ಅಂಕಿಗಳ ಅವಿಭಾಜ್ಯದ ಕೀರ್ತಿ 1644ಕ್ಕೇ ಸಲ್ಲಬೇಡವೇ ಎಂದು ಕೇಳಬಹುದು. ಸಲ್ಲದು. ಅದೇ ಪುಟದಲ್ಲಿ, ಅದೇ ಧೈರ್ಯದಿಂದ, 67ರ ಬಗ್ಗೆಯೂ ಅವರು ಇದೇ ಮಾತು ಹೇಳಿದ್ದರು. ಸರಿಯಾದ ಹೇಳಿಕೆಯನ್ನೂ ತಪ್ಪಾದ ಹೇಳಿಕೆಯನ್ನೂ ಬೇರೆ ಮಾಡಿ ತೋರಿಸುವ ಸಾಧನ ಅವರ ಬಳಿಯಾಗಲಿ ಓದುಗರ ಬಳಿಯಾಗಲಿ ಇರಲಿಲ್ಲ. ನಿಜವನ್ನು ಹೇಳುವುದು ಬೇರೆ, ನಿಜವೆಂದು ತಿಳಿಯುವುದು ಬೇರೆ. ಈ ಸಂಖ್ಯೆಯ ವಿಷಯದಲ್ಲಿ ಇವೆರಡರ ನಡುವೆ 232 ವರ್ಷಗಳು ಸಂದವು.

ಆಕಾರದಿಂದ ಪ್ರಯೋಜನ ಪಡೆಯುವ ಮೊದಲ ಹೆಜ್ಜೆಯನ್ನು ಇಟ್ಟವರು ಫರ್ಮಾ. ಮರ್ಸೆನ್ ಸಂಖ್ಯೆಗೆ ಅವಿಭಾಜ್ಯ ಭಾಜಕವೇನಾದರೂ ಇದ್ದರೆ, ಅದು ಘಾತದ ಎರಡರಷ್ಟರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು ಎಂದು ಅವರು 1640ರಲ್ಲಿ ಕಂಡುಕೊಂಡರು. 2³⁷ − 1ನ್ನು ಪರೀಕ್ಷಿಸುವವರು 3, 5, 7 ಎಂದು ಭಾಗಿಸುತ್ತ ಕೂರಬೇಕಿಲ್ಲ. 74ರ ಗುಣಕಗಳಿಗೆ ಒಂದು ಸೇರಿಸುತ್ತ ಹೋದರೆ ಬೇಗನೆ 223 ಎದುರಾಗುತ್ತದೆ, ಅದು ಸರಿಯಾಗಿ ಭಾಗಿಸುತ್ತದೆ. ಇದೇ ಜಾಡಿನಲ್ಲಿ ಮುಂದುವರಿದ ಆಯ್ಲರ್ 2³¹ − 1, ಅಂದರೆ 2147483647, ಅವಿಭಾಜ್ಯವೆಂದು 1772ರಲ್ಲಿ ತಿಳಿಸಿದರು. ಭಾಜಕಗಳು ಇಂಥ ಎರಡು ಶ್ರೇಢಿಗಳಲ್ಲಿ ಮಾತ್ರ ಇರಬಲ್ಲವು ಎಂದು ಮೊದಲೇ ಸಾಧಿಸಿದ್ದರಿಂದ ಅವರಿಗೆ ಸುಮಾರು 370 ಸಂಖ್ಯೆಗಳನ್ನಷ್ಟೇ ಗಮನಿಸಬೇಕಾಯಿತು. ಕತಾಲ್ದಿಯ ಸಂಖ್ಯೆಗಿಂತ ನಾಲ್ಕು ಸಾವಿರ ಪಟ್ಟು ದೊಡ್ಡದಾದ ಸಂಖ್ಯೆಗೆ ಮೂರು ಪಟ್ಟಿನಷ್ಟು ದುಡಿಮೆಯೂ ಬೇಕಾಗಲಿಲ್ಲ. ಆದರೂ ದಾರಿ ಮಾತ್ರ ಹಳೆಯದೇ, ಭಾಗಿಸಿ ನೋಡುವುದು. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆಯುತ್ತ, ಆಯ್ಲರ್‌ರ ಸಂಖ್ಯೆಯ ಮೂಲಕ ಬರುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದು ಇನ್ನು ಸಿಗಲಾರದು, ಬರೀ ಕುತೂಹಲದ ವಸ್ತುವಾದ, ಉಪಯೋಗವಿಲ್ಲದ ಇಂಥದಕ್ಕಾಗಿ ಯಾರೂ ಮುಂದೆ ಹೆಣಗಲಾರರು ಎಂಬ ಅಭಿಪ್ರಾಯ ಕೊಟ್ಟರು. ಆ ಮಾತು ಸುಳ್ಳಾಯಿತೆಂದು ನಗುವುದು ಸುಲಭ. ಭಾಗಿಸಿ ನೋಡುವುದೊಂದೇ ದಾರಿ ಎಂದು ಒಪ್ಪಿಕೊಂಡರೆ ಬಾರ್ಲೋ ಲೆಕ್ಕದಲ್ಲಿ ಅಷ್ಟೇನೂ ತಪ್ಪಿಲ್ಲ. 2¹²⁷ − 1ಕ್ಕೆ ಫರ್ಮಾ ಮತ್ತು ಆಯ್ಲರ್‌ರ ಜರಡಿಗಳನ್ನು ಎರಡನ್ನೂ ಹಿಡಿದ ಮೇಲೂ ಉಳಿಯುವ ಸಂಭಾವ್ಯ ಭಾಜಕಗಳು ಇಪ್ಪತ್ತೈದು ಸಾವಿರ ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೆ ಒಂದರಂತೆ ಹಗಲಿರುಳು ಭಾಗಿಸಿದರೂ ಸುಮಾರು 80 ಕೋಟಿ ವರ್ಷ ಹಿಡಿಯುತ್ತದೆ. ಅವುಗಳಲ್ಲಿ ಅವಿಭಾಜ್ಯಗಳನ್ನಷ್ಟೇ ಆರಿಸಿಕೊಂಡರೂ ಕೋಟಿಗಟ್ಟಲೆ ವರ್ಷ ತಪ್ಪಿದ್ದಲ್ಲ.

ಲೂಕಾ ಭಾಗಿಸಿ ನೋಡುವುದನ್ನೇ ಕೈಬಿಟ್ಟರು. ಅವರು ಗಮನಿಸಿದ್ದು ಸಂಖ್ಯೆಯ ನೆರೆಯಲ್ಲಿರುವ ಸಂಖ್ಯೆಯನ್ನು. 2¹²⁷ − 1 ಒಳಗಿನಿಂದ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲ; ಆದರೆ ಅದಕ್ಕಿಂತ ಒಂದು ಹೆಚ್ಚಿರುವ 2¹²⁷ ಒಳಗೆ ಏನಿದೆಯೆಂದು ಮಕ್ಕಳೂ ಹೇಳಬಲ್ಲರು, ಅಲ್ಲಿ ಎರಡುಗಳ ಹೊರತು ಬೇರೇನೂ ಇಲ್ಲ. ನೆರೆಯ ಸಂಖ್ಯೆಯ ಅಪವರ್ತನಗಳು ಪೂರ್ತಿ ತಿಳಿದಿದ್ದರೆ ಮೂಲ ಸಂಖ್ಯೆಯ ಅವಿಭಾಜ್ಯತೆಯನ್ನು ತೀರ್ಮಾನಿಸಬಹುದು ಎಂಬುದೇ ಲೂಕಾ ಕಂಡ ಹೊಸ ತತ್ತ್ವ. ಫಿಬೊನಾಚ್ಚಿ ಸಂಖ್ಯೆಗಳ ಸರಣಿಯನ್ನು ಅಭ್ಯಾಸ ಮಾಡುತ್ತಿದ್ದಾಗ ಅವರಿಗೆ ಇದಕ್ಕೊಂದು ಸರಳವಾದ ವಿಧಾನ ಸಿಕ್ಕಿತು. 3ರಿಂದ ಶುರುಮಾಡಿ, ಪ್ರತಿಸಲವೂ ವರ್ಗ ಮಾಡಿ 2 ಕಳೆಯುವುದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವುದು. ಚಿಕ್ಕ ಉದಾಹರಣೆಯಾಗಿ 2⁷ − 1 ಎಂದರೆ 127ನ್ನು ತೆಗೆದುಕೊಳ್ಳೋಣ. ಶೇಷಗಳು ಕ್ರಮವಾಗಿ 3, 7, 47, 48, 16 ಎಂದು ಬಂದು ಐದನೆಯ ವರ್ಗದಲ್ಲಿ 0 ಆಗುತ್ತದೆ. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳಲ್ಲಿ ಸೊನ್ನೆ ಬಂದದ್ದರಿಂದ 127 ಅವಿಭಾಜ್ಯ. ಈಗ 2047ನ್ನು ಹಾಗೆಯೇ ನೋಡಿದರೆ 3, 7, 47, 160, 1034, 620, 1609, 1471 ಎಂದು ಸಾಗಿ ಮತ್ತೆ 160ಕ್ಕೇ ಬಂದು ಸೇರುತ್ತದೆ. ಅಲ್ಲಿಂದ ಅದೇ ಸುತ್ತು, ಸೊನ್ನೆ ಎಂದೂ ಬಾರದು, ಆದ್ದರಿಂದ ಅದು ಸಂಯುಕ್ತ. 23 ಮತ್ತು 89ರ ಹೆಸರನ್ನೂ ಎತ್ತದೆ ಈ ತೀರ್ಪು ಬಂತೆಂಬುದನ್ನು ಗಮನಿಸಬೇಕು. 2¹²⁷ − 1ಕ್ಕೆ ಬೇಕಾದದ್ದು ಇಂಥ 125 ಹೆಜ್ಜೆ. ಕೋಟಿಗಟ್ಟಲೆ ವರ್ಷಗಳ ಕೆಲಸ ಒಬ್ಬ ಮನುಷ್ಯ ಮುಗಿಸಬಹುದಾದ ಕೆಲಸವಾಯಿತು.

ಆಕಾರ ಇನ್ನೊಂದು ರೀತಿಯಲ್ಲೂ ನೆರವಿಗೆ ಬಂತು. 39 ಅಂಕಿಗಳ ಸಂಖ್ಯೆಯನ್ನು ವರ್ಗ ಮಾಡುವುದು ಬೇಸರದ ಕೆಲಸವಾದರೂ ಆಗುವ ಕೆಲಸ. ಬಂದ 77 ಅಂಕಿಗಳನ್ನು ಮತ್ತೆ 39 ಅಂಕಿಗಳ ಸಂಖ್ಯೆಯಿಂದ ಭಾಗಿಸುವುದೇ ನಿಜವಾದ ಕಷ್ಟ. ಆದರೆ ದ್ವಿಮಾನ ಪದ್ಧತಿಯಲ್ಲಿ ಬರೆದರೆ 2¹²⁷ − 1 ಎಂಬುದು ಸಾಲಾಗಿ ನಿಂತ 127 ಒಂದುಗಳು. ನಮ್ಮ ದಶಮಾನದಲ್ಲಿ 999ಕ್ಕೆ ಇರುವ ಗುಣವೇ ಅಲ್ಲಿ ಅದಕ್ಕಿದೆ. 123456ನ್ನು 999ರಿಂದ ಭಾಗಿಸಿದಾಗಿನ ಶೇಷ ಬೇಕಾದರೆ ಭಾಗಾಕಾರ ಮಾಡಬೇಕಿಲ್ಲ, ಮೂರು ಮೂರು ಅಂಕಿಗಳಾಗಿ ಕಡಿದು 123ಕ್ಕೆ 456 ಕೂಡಿದರೆ 579 ಬಂದಿತು. ಹಾಗೆಯೇ ದೊಡ್ಡ ವರ್ಗವನ್ನು 127 ಸ್ಥಾನಗಳ ತುಂಡುಗಳಾಗಿ ಕಡಿದು ಕೂಡಿದರೆ ಶೇಷ ಸಿಕ್ಕಿಬಿಡುತ್ತದೆ, ಭಾಗಾಕಾರ ಮಾಯವಾಗುತ್ತದೆ. ಇದನ್ನೆಲ್ಲ 127 ಮನೆಗಳ ಉದ್ದಗಲದ ಚದುರಂಗದ ಹಾಸಿನ ಮೇಲೆ ಕಾಯಿ ನಡೆಸುವ ಆಟವಾಗಿ ಲೂಕಾ ವಿವರಿಸಿದ್ದಾರೆ. ಹನೋಯ್ ಗೋಪುರ ಎಂಬ ಬಿಲ್ಲೆಗಳ ಆಟವನ್ನು 1883ರಲ್ಲಿ ಹೊರತಂದವರೂ ಅವರೇ ಎಂಬುದನ್ನು ನೆನೆದರೆ ಇದು ವಿಚಿತ್ರವೆನಿಸದು. ಅವರ ಸಾಧನೆಯಲ್ಲಿ ಸಂದುಗಳಿದ್ದವು ಎಂಬ ಆಕ್ಷೇಪಣೆ ಇದೆ, ಅದು ನ್ಯಾಯವಾದದ್ದೇ. ಲೂಕಾ ಬರೆದದ್ದು ಅವಸರದಲ್ಲಿ, ಹಲವು ಪ್ರಮೇಯಗಳಿಗೆ ಪೂರ್ಣ ಸಾಧನೆ ಕೊಡಲಿಲ್ಲ. 1914ರಲ್ಲಿ ಫೋಕೆಂಬೆರ್ಗ್ ಈ ಸಂಖ್ಯೆಯ ಲೆಕ್ಕವನ್ನು ಮತ್ತೊಮ್ಮೆ ಮಾಡಿ ಗಟ್ಟಿಪಡಿಸಿದರು. 1930ರ ಹೊತ್ತಿಗೆ ಅಮೆರಿಕದ ಡಿ.ಎಚ್. ಲೆಹ್ಮರ್ 3ರ ಬದಲು 4ರಿಂದ ಶುರುಮಾಡಿದರೆ ಎರಡಕ್ಕಿಂತ ದೊಡ್ಡ ಎಲ್ಲ ಅವಿಭಾಜ್ಯ ಘಾತಗಳಿಗೂ ಒಂದೇ ಪರೀಕ್ಷೆ ಸಾಕೆಂದು ಲೋಪವಿಲ್ಲದೆ ಸಾಧಿಸಿದರು. ಲೂಕಾ–ಲೆಹ್ಮರ್ ಪರೀಕ್ಷೆ ಎಂದು ಈಗ ಪ್ರಸಿದ್ಧವಾಗಿರುವುದು ಇದೇ. ಸಂದುಗಳನ್ನು ಮುಚ್ಚಿದವರು ಬೇರೆಯವರಾದರೂ ದಾರಿ ಲೂಕಾರದೇ.

ಹೊಸ ದಾರಿ ಸಿಕ್ಕ ಮೇಲೆ ಮರ್ಸೆನ್‌ರ ಪಟ್ಟಿ ಒಂದೊಂದಾಗಿ ಕಳಚಿತು. 67 ಘಾತದ ಸಂಖ್ಯೆ ಸಂಯುಕ್ತವೆಂದು ಲೂಕಾರೇ 1876ರಲ್ಲಿ ಹೇಳಿದರು, ಆದರೆ ಅದನ್ನು ಯಾವ ಸಂಖ್ಯೆಗಳು ಭಾಗಿಸುತ್ತವೆ ಎಂದು ಅವರಿಗೆ ತಿಳಿದಿರಲಿಲ್ಲ. ಒಡೆಯುತ್ತದೆ ಎಂದು ಖಚಿತವಾಗಿ ತಿಳಿದೂ ಚೂರುಗಳು ಯಾವುವೆಂದು ತಿಳಿಯದ ಈ ಸ್ಥಿತಿ ಗಣಿತಕ್ಕೆ ಹೊಸದು. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಕಪ್ಪು ಹಲಗೆಯ ಮೇಲೆ 193707721ನ್ನು 761838257287ರಿಂದ ಗುಣಿಸಿ ತೋರಿಸಿ ಆ ಚೂರುಗಳನ್ನು ಮುಂದಿಟ್ಟರು. ತೀರ್ಪಿಗೂ ಚೂರುಗಳಿಗೂ ನಡುವೆ 27 ವರ್ಷಗಳ ಅಂತರ. ರಷ್ಯಾದ ಪಾದ್ರಿ ಪೆರ್ವುಶಿನ್ 1883ರಲ್ಲಿ 61ನ್ನೂ, ಅಮೆರಿಕದ ಪವರ್ಸ್ 1911 ಮತ್ತು 1914ರಲ್ಲಿ 89 ಮತ್ತು 107ನ್ನೂ ಸೇರಿಸಿದರು. ಮುಂದೆ 257 ಕೂಡ ಬಿದ್ದುಹೋಯಿತು.

ಇಷ್ಟಾದರೂ ಒಂದು ಬಲವಾದ ಆಕ್ಷೇಪಣೆ ಉಳಿಯುತ್ತದೆ. 1951ರಿಂದೀಚಿನ ದಾಖಲೆಗಳೆಲ್ಲ ಯಂತ್ರದವು. ಹಾಗಾದರೆ ಗಾತ್ರ ಬೆಳೆದದ್ದು ಕಂಪ್ಯೂಟರಿನ ವೇಗದಿಂದಲೇ ಹೊರತು ಆಕಾರದಿಂದಲ್ಲ ಎನ್ನಬಹುದು. ಸಾಕ್ಷ್ಯ ಇದಕ್ಕೆ ಒಗ್ಗುವುದಿಲ್ಲ. 1951ರಲ್ಲಿ ಫೆರಿಯೆ ಮೇಜಿನ ಮೇಲಿನ ಲೆಕ್ಕದ ಯಂತ್ರದಿಂದ ಸಾಧಿಸಿದ 44 ಅಂಕಿಗಳ ಅವಿಭಾಜ್ಯ, 2¹⁴⁸ + 1ನ್ನು 17ರಿಂದ ಭಾಗಿಸಿದಾಗ ಸಿಗುವುದು. ಅದೇ ವರ್ಷ ಕೇಂಬ್ರಿಜ್‌ನ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಗಳದ್ದನ್ನು ಕಂಡರು. ಲೂಕಾರ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದು ಸೇರಿಸಿದರೆ ಬರುವ ಸಂಖ್ಯೆ ಅದು. ಅದನ್ನೇ ಆರಿಸಿಕೊಂಡದ್ದೇಕೆ? ಅದರಿಂದ ಒಂದು ಕಳೆದರೆ ಉಳಿಯುವ ನೆರೆಯ ಸಂಖ್ಯೆಯ ಅಪವರ್ತನಗಳು, 1876ರ ಕೆಲಸದ ಫಲವಾಗಿ, ಪೂರ್ತಿ ತಿಳಿದಿದ್ದವು. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ಸ್ವ್ಯಾಕ್ ಯಂತ್ರದಲ್ಲಿ ರಫೇಲ್ ರಾಬಿನ್ಸನ್ ಬರೆದ ಪ್ರೋಗ್ರಾಂ ಒಂದೇ ದಿನ 521 ಮತ್ತು 607 ಘಾತದ ಅವಿಭಾಜ್ಯಗಳನ್ನು ಕೊಟ್ಟಿತು. ಮೊದಲನೆಯದಕ್ಕೆ 157 ಅಂಕಿಗಳು. ಅದನ್ನು ಭಾಗಿಸಿ ಪರೀಕ್ಷಿಸಹೊರಟರೆ ಇಂದಿನ ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸಿದರೂ ಮುಗಿಯದು. ಲೂಕಾರ ದಾರಿಯಲ್ಲಿ ಅದು 519 ಹೆಜ್ಜೆ. ಯಂತ್ರ ಹೆಜ್ಜೆಯನ್ನು ಬಿರುಸುಗೊಳಿಸಿತು, ದಾರಿಯನ್ನು ಮಾಡಲಿಲ್ಲ. ಅಲ್ಲಿಂದೀಚೆಗೆ ಅತಿದೊಡ್ಡ ಅವಿಭಾಜ್ಯದ ಪಟ್ಟ ಮರ್ಸೆನ್ ಸಂಖ್ಯೆಗಳ ಕೈತಪ್ಪಿದ್ದು ಒಮ್ಮೆ ಮಾತ್ರ, 1989ರಿಂದ 1992ರವರೆಗೆ. ಆಗ ಗೆದ್ದದ್ದೂ ಹತ್ತಿರದ ಬಂಧುವೇ: 391581 × 2²¹⁶¹⁹³ − 1. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ ಗಿಂಪ್ಸ್ ಯೋಜನೆಯಲ್ಲಿ ಸಾವಿರಾರು ಜನರ ಕಂಪ್ಯೂಟರುಗಳು ಸೇರಿ ದುಡಿಯುತ್ತಿವೆ. 2024ರ ಅಕ್ಟೋಬರಿನಲ್ಲಿ ಅದರಿಂದ ದೊರೆತ 2¹³⁶²⁷⁹⁸⁴¹ − 1ರಲ್ಲಿ 4,10,24,320 ಅಂಕಿಗಳಿವೆ. ಅದನ್ನು ದೃಢಪಡಿಸಿದ್ದೂ ಲೂಕಾ–ಲೆಹ್ಮರ್ ಪರೀಕ್ಷೆಯೇ.

ಹಾಗಾದರೆ ಇದು ಕಳೆದ ಉಂಗುರವನ್ನು ದೀಪ ಇರುವಲ್ಲೇ ಹುಡುಕಿದಂತಾಗಲಿಲ್ಲವೇ, ಈ ಅವಿಭಾಜ್ಯಗಳು ಒಟ್ಟು ಅವಿಭಾಜ್ಯಗಳ ಪ್ರತಿನಿಧಿಗಳೇ ಅಲ್ಲವಲ್ಲ ಎಂದು ಕೇಳಬಹುದು. ನಿಜ, ಪ್ರತಿನಿಧಿಗಳಲ್ಲ. ಈ ಆಕ್ಷೇಪಣೆ ವಾದವನ್ನು ಮುರಿಯುವ ಬದಲು ಎತ್ತಿಹಿಡಿಯುತ್ತದೆ. ಯಾವ ಆಕಾರದ ಆಸರೆಯೂ ಇಲ್ಲದ ಸಂಖ್ಯೆಗಳಿಗೂ ಪರೀಕ್ಷೆಗಳಿವೆ. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಕೊಟ್ಟ ವಿಧಾನ ಯಾವ ಸಂಖ್ಯೆಯನ್ನಾದರೂ ಅನುಮಾನಕ್ಕೆ ಎಡೆಯಿಲ್ಲದಂತೆ, ಅಂಕಿಗಳ ಎಣಿಕೆಯ ಒಂದು ನಿಶ್ಚಿತ ಘಾತದ ಮಿತಿಯೊಳಗಿನ ಹೆಜ್ಜೆಗಳಲ್ಲಿ ತೀರ್ಮಾನಿಸುತ್ತದೆ. ತತ್ತ್ವದ ಮಟ್ಟದಲ್ಲಿ ಅದು ದೊಡ್ಡ ಸಾಧನೆ, ಬಳಕೆಗೆ ನಿಧಾನ. ಬಳಕೆಯಲ್ಲಿ ಮುಂದಿರುವುದು ಎಲಿಪ್ಟಿಕ್ ಕರ್ವ್‌ಗಳ ವಿಧಾನ. ಅದರಿಂದ ಸಾಧಿತವಾದ ಸಾಮಾನ್ಯ ಅವಿಭಾಜ್ಯಗಳು ಈಗಲೂ ಲಕ್ಷ ಅಂಕಿಗಳ ಆಸುಪಾಸಿನಲ್ಲೇ ಇವೆ. ಒಂದೇ ಕಾಲ, ಒಂದೇ ಬಗೆಯ ಯಂತ್ರಗಳು. ಆಕಾರ ಇದ್ದ ಕಡೆ ನಾಲ್ಕು ಕೋಟಿ ಅಂಕಿ, ಇಲ್ಲದ ಕಡೆ ಒಂದು ಲಕ್ಷದ ಸುತ್ತಮುತ್ತ. ಆಕಾರಕ್ಕೆ ಎಷ್ಟು ಬೆಲೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಳತೆ ಇಲ್ಲ.

ಇನ್ನು ಬಾರ್ಲೋ ಎತ್ತಿದ ಉಪಯೋಗದ ಪ್ರಶ್ನೆ. ದೊಡ್ಡ ಅವಿಭಾಜ್ಯಗಳು ಬ್ಯಾಂಕಿನ ಗುಪ್ತಲಿಪಿಗೆ ಬೇಕು, ಅದಕ್ಕೇ ಈ ಬೇಟೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಆರ್‌ಎಸ್‌ಎ ಪದ್ಧತಿಗೆ ಬೇಕಾದದ್ದು ಕೆಲವು ನೂರು ಅಂಕಿಗಳ, ಯಾರೂ ಊಹಿಸಲಾರದ ಅವಿಭಾಜ್ಯಗಳು. ಇಡೀ ಲೋಕಕ್ಕೆ ಗೊತ್ತಿರುವ ಮರ್ಸೆನ್ ಅವಿಭಾಜ್ಯ ಅಲ್ಲಿ ಕೆಲಸಕ್ಕೆ ಬಾರದು. ಆದರೆ ಗುಟ್ಟು ಬೇಡವಾದ, ಲೆಕ್ಕ ಚುರುಕಾಗಿ ನಡೆಯಬೇಕಾದ ಕಡೆ ಇದೇ ಆಕಾರ ಬೆಲೆಬಾಳುತ್ತದೆ. ಭಾಗಾಕಾರವನ್ನು ಕೂಡಿಸುವಿಕೆಯಾಗಿ ಇಳಿಸುವ ಗುಣ ಲೂಕಾರಿಗೆ ಒದಗಿದಂತೆಯೇ ಕಂಪ್ಯೂಟರಿಗೂ ಒದಗುತ್ತದೆ. ಅಮೆರಿಕದ ಮಾನಕ ಸಂಸ್ಥೆ ಗೊತ್ತುಪಡಿಸಿದ ಪಿ-521 ಎಂಬ ಗುಪ್ತಲಿಪಿ ಮಾನಕ ನಿಂತಿರುವುದು ರಾಬಿನ್ಸನ್ 1952ರಲ್ಲಿ ಕಂಡ 2⁵²¹ − 1ರ ಮೇಲೆ. ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸಲು ಎಷ್ಟೋ ತಂತ್ರಾಂಶಗಳು ಬಳಸುವ ಮರ್ಸೆನ್ ಟ್ವಿಸ್ಟರ್‌ನ ಆವರ್ತ 2¹⁹⁹³⁷ − 1. ಆ ಅವಿಭಾಜ್ಯ ಸಿಕ್ಕಿದ್ದು 1971ರಲ್ಲಿ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳಲ್ಲಿದ್ದ ಒಂದು ದೋಷ ಬಯಲಾದದ್ದೂ ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಪ್ರೈಮ್95 ತಂತ್ರಾಂಶವನ್ನು ಓಡಿಸುತ್ತಿದ್ದವರಿಂದ. ಇವನ್ನೆಲ್ಲ ಮುಂದಿಟ್ಟುಕೊಂಡು, ಹುಡುಕಿದವರು ಉಪಯೋಗಕ್ಕಾಗಿಯೇ ಹುಡುಕಿದರು ಎನ್ನುವುದು ಚರಿತ್ರೆಗೆ ಅಪಚಾರ. ಅವಿಭಾಜ್ಯತೆಯನ್ನು ಸಾಧಿಸಲು ಅನುವಾದ ಆಕಾರವೇ ಲೆಕ್ಕವನ್ನು ಹಗುರಗೊಳಿಸಲೂ ಅನುವಾಯಿತು ಎಂದಷ್ಟೇ ಹೇಳಬಹುದು.

ಆಕಾರಕ್ಕೂ ಒಂದು ಎಲ್ಲೆ ಇದೆ, ಅದನ್ನು ತೋರಿಸುವುದೂ ಲೂಕಾರ ಸಂಖ್ಯೆಯೇ. 2ನ್ನು ಘಾತವಾಗಿ ಇಟ್ಟರೆ 3, 3ನ್ನು ಇಟ್ಟರೆ 7, 7ನ್ನು ಇಟ್ಟರೆ 127, 127ನ್ನು ಇಟ್ಟರೆ ನಮ್ಮ 39 ಅಂಕಿಗಳ ಸಂಖ್ಯೆ, ಎಲ್ಲವೂ ಅವಿಭಾಜ್ಯ. 1876ರಲ್ಲಿಯೇ ಕತಲಾನ್ ಈ ಸರಪಳಿಯನ್ನು ಗುರುತಿಸಿದರು. ಹಾಗಾದರೆ ಆ 39 ಅಂಕಿಗಳನ್ನೇ ಘಾತವಾಗಿ ಇಟ್ಟರೆ? ಮುಂದಿನ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂಬುದನ್ನು ಬರೆಯಲಿಕ್ಕೇ 38 ಅಂಕಿಗಳು ಬೇಕು. ಅದರ ಆಕಾರ ಲೋಪವಿಲ್ಲದ್ದು, ನೆರೆಯ ಸಂಖ್ಯೆಯಲ್ಲಿ ಎರಡುಗಳೇ ತುಂಬಿವೆ, ಪರೀಕ್ಷೆಯ ಸೂತ್ರವೂ ಸಿದ್ಧವಾಗಿದೆ. ಆದರೆ ಘಾತದಷ್ಟೇ ಹೆಜ್ಜೆ ಇಡಬೇಕಾದ ಈ ವಿಧಾನದಲ್ಲಿ ಹೆಜ್ಜೆಗಳ ಎಣಿಕೆಯೇ 39 ಅಂಕಿಗಳದಾಗುತ್ತದೆ. ಗಾತ್ರ ಇಲ್ಲಿ ಕೊನೆಗೂ ತನ್ನ ಪಾಲನ್ನು ಕೇಳಿ ಪಡೆಯುತ್ತದೆ. ಹಾಗಾದರೆ ವಾದ ಬಿದ್ದುಹೋಯಿತೇ? 1811ರಲ್ಲಿ 2¹²⁷ − 1 ಇದ್ದದ್ದೂ ಇದೇ ಸ್ಥಿತಿಯಲ್ಲಿ. ಕೈಯಲ್ಲಿದ್ದ ವಿಧಾನದ ಎಲ್ಲೆಯನ್ನು ಬಾರ್ಲೋ ತಿಳಿವಿನ ಎಲ್ಲೆ ಎಂದು ಬಗೆದರು. ಅವರು ತಪ್ಪಿದ್ದು ಅಲ್ಲೇ. ಆಮೇಲೆ ಬಂದ ಬಿಡುಗಡೆ ಇನ್ನಷ್ಟು ಬಿರುಸಾಗಿ ಭಾಗಿಸುವವರಿಂದ ಬರಲಿಲ್ಲ, ಭಾಗಿಸುವುದನ್ನೇ ಬಿಟ್ಟ ಒಬ್ಬರಿಂದ ಬಂತು. ಕತಲಾನ್‌ರ ಸರಪಳಿಯ ಮುಂದಿನ ಕೊಂಡಿ ಅವಿಭಾಜ್ಯವೋ ಅಲ್ಲವೋ ಎಂಬುದು ಎಂದಾದರೂ ತೀರ್ಮಾನವಾಗುವುದಾದರೆ, ಒಂದು ಭಾಜಕ ಅಕಸ್ಮಾತ್ತಾಗಿ ಸಿಕ್ಕಿಬಿಡದ ಹೊರತು, ಅದನ್ನು ತೀರ್ಮಾನಿಸುವುದು ಯಂತ್ರದ ವೇಗವಲ್ಲ, ಆ ಆಕಾರದಲ್ಲಿ ನಾವಿನ್ನೂ ಕಾಣದಿರುವ ಮತ್ತೊಂದು ಗುಣ.